ಪೂಜೆಗೆ ಕೂತ ಗಿಟಾರುಗಳು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಗಿಟಾರಿನಿಂದ ಶುರು ಮಾಡಿದರೆ ಸಂಗೀತದ ಲೇಖನ ಅಂದುಕೊಂಡು ಪುಟ ಮಗುಚಿಬಿಡುತ್ತೀರಿ. ಅಮ್ಮನಿಂದ ಶುರು ಮಾಡಿದರೆ, ಬಂತಪ್ಪ ಇನ್ನೊಂದು ಅಮ್ಮನ ಕತೆ ಅಂತ ಆಕಳಿಸುತ್ತೀರಿ. ಬೆಟ್ಟದಿಂದ ಶುರು ಮಾಡೋಣ ಅಂದರೆ ಮಧುಗಿರಿಯಲ್ಲಿ ಬೆಟ್ಟವನ್ನು ಯಾರೂ ನೋಡುವುದಿಲ್ಲ, ಅದು ಅಲ್ಲಿ ಇದ್ದೇ ಇರುತ್ತದೆ.

ಹೋಗಲಿ, ಹೆಸರಿನಿಂದಲೇ ಶುರು ಮಾಡುತ್ತೇನೆ. ಅವಳ ಹೆಸರು ಸರ್ವಮಂಗಳಾ. ನಲವತ್ತು ದಾಟಿದೆ. ಕಸುಬು, ಹೆವಿ ಮೆಟಲ್ ಗಿಟಾರು.

(ನಗಬೇಡಿ. ಮೊದಲ ಡ್ರಾಫ್ಟಿನಲ್ಲಿ ನಾನೂ ಅವಳಿಗೆ ರಿಯಾ ಅಂತ ಸ್ಟೈಲಾಗಿ ಹೆಸರಿಟ್ಟಿದ್ದೆ. ಎರಡನೇ ಪ್ಯಾರಾ ಮುಗಿಯುವುದರೊಳಗೆ ಬಂದು ಜಗಳ ತೆಗೆದಳು. "ಸರ್ವಮಂಗಳಾ ಅನ್ನೋದು ನಮ್ಮಜ್ಜಿ ಹೆಸರು ಸಾರ್. ಪೋಲೆಂಡಲ್ಲಿ ಬಯಲು ಪ್ರೋಗ್ರಾಮಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತ್ಕಂಡು ಜನ ಮಂಗ್ಲಾ ಮಂಗ್ಲಾ ಅಂತ ಕೂಗವ್ರೆ. ನಿಮ್ಗೇನು ಕಷ್ಟ?" ನನಗೇನು ಕಷ್ಟ. ಹೊಡೆದು ಹಾಕಿ ಸರ್ವಮಂಗಳಾ ಅಂತಲೇ ಬರೆದೆ.)

೨

ಇವತ್ತು ಆಯುಧ ಪೂಜೆ. ಸಂಜೆ ಆರಕ್ಕೆ ಬೆಟ್ಟದ ಬುಡದ ಮೈದಾನದಲ್ಲಿ ಸರ್ವಮಂಗಳಾಳ ಬ್ಯಾಂಡಿನ ಕಾರ್ಯಕ್ರಮ. ಎಲ್ಲೆಲ್ಲೋ ಬಾರಿಸಿ ಬಂದವಳಿಗೆ ಹುಟ್ಟಿದೂರಲ್ಲಿ ಇದೇ ಮೊದಲು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಮಧುಗಿರಿಯವರಿಗೆ ಅವಳು ಸೈಕಲ್ ಶಾಪ್ ನಾಗಲಿಂಗಯ್ಯನವರ ಮಗಳು, ಪಾಪ ಮದುವೆ ಆಗಲಿಲ್ಲ, ಅಷ್ಟೇ. ಈ ವರ್ಷ ಯುವಕರ ಸಂಘದ ಪ್ರಭುದೇವ್ ಅನ್ನುವ ಹುಡುಗ ಸಂಘದಲ್ಲಿ ಎಲ್ಲರ ಹತ್ತಿರ ಬೈಸಿಕೊಂಡು ಅವಳನ್ನು ಕರೆದಿದ್ದ.

ಕಾರ್ಯಕ್ರಮ ಇದ್ದದ್ದು ನಿನ್ನೆ. ಮಳೆ ಬಂತು, ಶಾಮಿಯಾನ ನೀರು ಹೊತ್ತು ಮಲಗಿತು. ಪ್ರಭುದೇವ್ ಓಡಾಡಿ ಪರ್ಮಿಷನ್ನನ್ನು ಇವತ್ತಿಗೆ ಮಾಡಿಸಿಕೊಂಡು ಬಂದ. ಆ ಸುದ್ದಿಯನ್ನು ಅಮ್ಮನಿಗೆ ಹೇಳುವುದನ್ನು ಸರ್ವಮಂಗಳಾ ಮರೆತಳು.

("ಮರೆತೋಳು ನಾನಲ್ಲ ಸಾರ್. ನಿಮ್ಗೆ ಕತೆ ಬೇಕಿತ್ತು, ಮರೆಸಿದ್ರಿ." ಹೌದು. ಒಪ್ಪಿಕೊಂಡೆ. ಮುಂದೆ ಹೋಗೋಣ.)

ಬೆಳಿಗ್ಗೆ ಎದ್ದು ನಡುಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ಅವಳ ನಾಲ್ಕೂ ಗಿಟಾರು ಮಣೆಗಳ ಮೇಲೆ ಸಾಲಾಗಿ ಕೂತಿದ್ದವು. ಮೈತುಂಬ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಕತ್ತಿಗೆ ಸೇವಂತಿಗೆ ಹಾರ. ಪಕ್ಕದಲ್ಲಿ ಈಳಿಗೆಮಣೆ, ಮಿಕ್ಸಿ, ತೀರಿಹೋದ ಅಪ್ಪನ ಸ್ಪ್ಯಾನರುಗಳು. ಈಳಿಗೆಮಣೆಯೂ ಪೂಜೆಗೆ ಕೂರುವುದರಿಂದ ಇವತ್ತಿನ ಹುಳಿಗೆ ತರಕಾರಿಯನ್ನು ಅಮ್ಮ ನಿನ್ನೆಯೇ ಹೆಚ್ಚಿಟ್ಟಿದ್ದಳು. ಆ ಮನೆಯ ಕಟ್ಟಲೆ ಅಂಥದು. ಕೂರಿಸಿದ್ದನ್ನು ನಾಳೆ ವಿಜಯದಶಮಿಯ ಮಂಗಳಾರತಿ ಆಗುವ ತನಕ ಯಾರೂ ಎತ್ತುವ ಹಾಗಿಲ್ಲ.

"ಅಮ್ಮ, ಒಂದಾದ್ರೂ ಬುಡು. ಸಂಜೆ ಪ್ರೋಗ್ರಾಂ ಐತೆ."

"ನಿನ್ನೆ ಇತ್ತಲ್ಲೇ?" ಅಂದಳು ಅಮ್ಮ ನಾಗರತ್ನಮ್ಮ, ಒಲೆ ಮುಂದಿನಿಂದಲೇ.

"ಇವತ್ತಿಗೆ ಹಾಕವ್ರೆ."

"ಈಗ ಹೇಳ್ತೀಯಾ, ಕೂರ್ಸಿದ್ಮೇಲೆ. ನಾಳೆ ಬಾರ್ಸು ಅಂತೇಳು."

"ಬಸ್ಸಿನೋರು ಪೂಜೆ ಮಾಡಿ, ನಿಂಬೆಹಣ್ಣು ಮೇಲೆ ಹತ್ತಿಸ್ಕಂಡು ಅವತ್ತೇ ಓಡ್ಸಲ್ವಾ?"

"ಬಸ್ಸು ಜನಕ್ಕೆ ಬೇಕು ಕಣೇ. ಇದು ಯಾರಿಗೆ ಬೇಕು?"

ಅಮ್ಮ ಚುಚ್ಚಬೇಕೆಂದು ಆಡಿದ ಮಾತಲ್ಲ. ಹುಳಿಗೆ ಒಗ್ಗರಣೆ ಹಾಕುತ್ತ ಆಡಿದ ಮಾತು. ಅದಕ್ಕೇ ಸರ್ವಮಂಗಳಾಳಿಗೆ ಹೆಚ್ಚು ನೋವಾಯಿತು.

೩

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಕೊನೆಯಲ್ಲಿ ಟವೆಲ್ಲಿನಿಂದ ಪಾರಿವಾಳ ತೆಗೆಯುವ ಚಾಳಿ ನನಗಿಲ್ಲ.

ನಾಗರತ್ನಮ್ಮ ತನ್ನ ಮಗಳ ಸ್ಟೇಜಿನ ಸಂಗೀತವನ್ನು ಒಂದು ಸಲವೂ ಕೇಳಿಲ್ಲ. ಅವಳ ಪ್ರಕಾರ ಹೆವಿ ಮೆಟಲ್ ಅನ್ನುವುದು ಬಲು ಮೆತ್ತಗಿನ ಸಂಗೀತ. ಯಾಕೆ ಗೊತ್ತಾ? ಸರ್ವಮಂಗಳಾ ಮನೆಯಲ್ಲಿ ಪ್ರಾಕ್ಟೀಸ್ ಮಾಡುವುದು ಹೆಡ್‌ಫೋನ್ ಹಾಕಿಕೊಂಡು. ಅವಳ ಕಿವಿಯಲ್ಲಿ ಗುಡುಗು ಸಿಡಿಲು, ಹೊರಗಿದ್ದವರಿಗೆ ಬರೇ ಟಿಕ್ ಟಿಕ್. ಕೋಳಿ ಅಂಗಳದಲ್ಲಿ ಕಾಳು ಹೆಕ್ಕಿದಷ್ಟು ಸದ್ದು. ಫೋನಿನಲ್ಲಿ ವಿಡಿಯೋ ತೋರಿಸಿದರೆ ಅದೂ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಪಕ್ಕದ ಮನೆ ಮಹಾಲಕ್ಷ್ಮಮ್ಮನಿಗೆ ಅಮ್ಮ ಹೇಳುತ್ತಿದ್ದಳಂತೆ, "ನಮ್ಮುಡುಗಿ ಯಾರಿಗೂ ತೊಂದ್ರೆ ಕೊಡಲ್ಲ ಕಣಮ್ಮ. ಅವಳ ಪಾಡಿಗೆ ಟಿಕ್ ಟಿಕ್ ಅಂತ ಕುಟ್ಟಿಕೊಂಡು ಇರ್ತಾಳೆ. ಅದನ್ನ ಕೇಳಕ್ಕೆ ಜನ ಯಾಕೆ ವಿಮಾನ ಕೊಟ್ಟು ಕರುಸ್ಕಂತಾರೋ."

ಈಗ ಅಮ್ಮನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಹೊರಟಿದೆ. ಮುಂದಿನ ದಸರಾ ತನಕ ಉಳಿಯುವ ಭರವಸೆ ಇಲ್ಲ ಅಂತ ತುಮಕೂರಿನ ಡಾಕ್ಟರು ಹೇಳಿದ್ದಾರೆ, ಮಷಿನ್ ಹಾಕಿಸಿದರೂ ಅಷ್ಟಕ್ಕಷ್ಟೇ ಅಂತೆ. ಅಮ್ಮ ನಕ್ಕುಬಿಟ್ಟಳು, ಬಯ್ಯೋರ ಮಾತು ಕೇಳೋದು ತಪ್ತು ಅಂದಳು. ನಗು ಬರದೇ ಹೋದದ್ದು ಮಗಳಿಗೆ.

ಪ್ರಭುದೇವ್ ಕರೆದ ದಿನವೇ ಸರ್ವಮಂಗಳಾ ತೀರ್ಮಾನ ಮಾಡಿದ್ದಳು. ಇರುವ ಆ ಅರ್ಧ ಕಿವಿಯಲ್ಲಿ ಅಮ್ಮ ಒಂದು ಸಲ ಕೇಳಬೇಕು. ಇಷ್ಟವಾಗಲಿ, ಬಿಡಲಿ. ಇಪ್ಪತ್ತೈದು ವರ್ಷ ತಾನು ಟಿಕ್ ಟಿಕ್ ಮಾಡಿಕೊಂಡಿರಲಿಲ್ಲ ಅಂತ ಅಮ್ಮನಿಗೆ ಗೊತ್ತಾಗಬೇಕು.

೪

ಈಗ ಗಿಟಾರುಗಳ ವಿಚಾರ.

("ಕ್ಯಾಟಲಾಗ್ ತರ ಬರೀಬೇಡಿ ಸಾರ್, ಓದೋರು ಓಡೋಗ್ತಾರೆ." ಸರಿ ತಾಯಿ.)

ಎಡಗಡೆ ಮೊದಲ ಮಣೆಯ ಮೇಲಿರುವುದು ಮರದ ಗಿಟಾರು, ಅವಳು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತುಮಕೂರಿನಿಂದ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದದ್ದು. ತಂತಿ ಹರಿದರೆ ಮಧುಗಿರಿಯಲ್ಲಿ ಸಿಗುತ್ತಿರಲಿಲ್ಲ. ಅಪ್ಪ ಸೈಕಲ್ ಬ್ರೇಕಿನ ವೈರು ಬಿಚ್ಚಿ, ಅದರಲ್ಲೊಂದು ಎಳೆ ಎಳೆದು ಕಟ್ಟಿಕೊಡುತ್ತಿದ್ದರು. ಎಡಗೈ ಬೆರಳ ತುದಿಯೆಲ್ಲ ಸೀಳಿ ಹೋಗುತ್ತಿತ್ತು. ಅನ್ನ ಕಲಸುವುದು ಬಲಗೈ ಆದದ್ದಕ್ಕೆ ಬದುಕಿದಳು.

ಎರಡನೆಯದು ಕೆಂಪು, ಎಲೆಕ್ಟ್ರಿಕ್, ಕಾಲೇಜಿನ ಕಾಲದ್ದು. ಅದಕ್ಕೊಂದು ರೋಗವಿತ್ತು, ರೇಡಿಯೋ ಹಿಡಿಯುತ್ತಿತ್ತು. ಪಾವಗಡದಲ್ಲಿ ಒಂದು ಕಾಲೇಜ್ ಡೇ. ಜೀವ ಹಿಂಡಿ ಬಾರಿಸಿ, ನಡುವೆ ಒಂದು ಗಳಿಗೆ ಮೌನ ಬಿಟ್ಟಳು. ಆ ಮೌನದೊಳಗೆ ಸ್ಪೀಕರಿನಿಂದ "ರೈತು ಸೋದರುಲಕು ನಮಸ್ಕಾರಂ" ಅಂತ ಬಂತು. ಗಡಿಯಾಚೆಯ ಯಾವುದೋ ತೆಲುಗು ಸ್ಟೇಷನ್ನಿನ ರೈತರ ಕಾರ್ಯಕ್ರಮ. ಅವಳ ಪೂರ್ತಿ ಕಾರ್ಯಕ್ರಮಕ್ಕೆ ಬೀಳದ ಚಪ್ಪಾಳೆ ಅದಕ್ಕೆ ಬಿತ್ತು. ಹಿಂದಿನ ಸಾಲಿನವರು "ಇಂಕೋಸಾರಿ, ಇಂಕೋಸಾರಿ" ಅಂತ ತೆಲುಗಲ್ಲೇ ಒನ್ಸ್‌ಮೋರ್ ಕೂಗಿದರು. ಅವಳು ಆ ಗಿಟಾರನ್ನು ಆರು ತಿಂಗಳು ಮುಟ್ಟಲಿಲ್ಲ.

ಮೂರನೆಯದು ಈ ಸಾಲಿನಲ್ಲಿಲ್ಲ. ಸ್ವಲ್ಪ ತಡೆಯಿರಿ.

ನಾಲ್ಕನೆಯದು ಬಿಳಿ, ಏಳು ತಂತಿಯದು. ಪೋಲೆಂಡಿನ ಕೆಸರು ಅದರ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಮ್ಮ ಹಳೇ ಟೂತ್‌ಬ್ರಷ್‌ನಲ್ಲಿ ಕೆರೆದು ತೆಗೆದು, ಬೆರಳಲ್ಲಿ ಉಜ್ಜಿ ನೋಡಿ, "ಎರೆಮಣ್ಣು ಇದ್ದಂಗೈತೆ, ಒಳ್ಳೆ ಜೋಳ ಬೆಳೀತದೆ" ಅಂದಿದ್ದಳು. ಐದನೆಯದು ಹೋದ ವರ್ಷದ್ದು, ಹೊಸ ಮಾದರಿ, ಮೇಲಿನ ತಲೆಯ ಭಾಗವೇ ಇಲ್ಲ. ಆ ವರ್ಷದ ಪೂಜೆಯಲ್ಲಿ ಅಮ್ಮ ಕುಂಕುಮದ ಬಟ್ಟಲು ಹಿಡಿದುಕೊಂಡು ಬಹಳ ಹೊತ್ತು ಅದರ ಮುಂದೆ ನಿಂತಿದ್ದಳು. "ತಲೆ ಇಲ್ದೋನಿಗೆ ಎಲ್ಲಿ ಇಡ್ಲಿ ಕಣೇ ಕುಂಕುಮ?" ಕೊನೆಗೆ ಹೊಟ್ಟೆಗೆ ಇಟ್ಟಳು.

೫

(ಕರಡು ಒಂದು. ಹರಿದು ಹಾಕಿದ್ದು.)

ಅಮ್ಮ ಮಧ್ಯಾಹ್ನ ಮಲಗಿದಾಗ ಸರ್ವಮಂಗಳಾ ಬಿಳಿ ಗಿಟಾರನ್ನು ಸದ್ದಿಲ್ಲದೆ ಎತ್ತಿ, ಅದರ ಜಾಗದಲ್ಲಿ

"ಏನ್ ಸಾರ್ ನೀವು. ಕದ್ದು ಬಾರ್ಸಕ್ಕೆ ನಾನೇನು ಕಳ್ಳಿನಾ? ಅಮ್ಮ ಮುಂದಿನ ಸಾಲಲ್ಲಿ ಕೂತಿರ್ತಾಳೆ. ಅವಳೇ ಇಟ್ಟ ಕುಂಕುಮ ಅವಳಿಗೆ ಕಾಣಲ್ವಾ?"

ಹಾಗಾದರೆ ಎದುರಿಗೇ ಎತ್ತು, ಅಂದೆ ನಾನು. ಕೆಸರಲ್ಲಿ ನಿಂತು ಮೆಟಲ್ ಬಾರಿಸುವವಳು, ಕಟ್ಟಲೆ ಮುರಿಯೋದು ನಿಂಗೆ ಕಷ್ಟವಾ? ನಾಲ್ಕು ಜನ ಮೆಚ್ಚುತ್ತಾರೆ. ಬಂಡಾಯ ಅನ್ನುತ್ತಾರೆ, ವಿಮರ್ಶಕರಿಗೂ ಅನುಕೂಲ.

ಅವಳು ನಿಧಾನಕ್ಕೆ ಹೇಳಿದಳು. "ನಾನು ನಂಬ್ತೀನೋ ಬುಡ್ತೀನೋ, ಅದಲ್ಲ ವಿಷ್ಯ. ಈ ಊರಲ್ಲಿ ನನ್ನ ಗಿಟಾರಿಗೆ ಮರ್ಯಾದೆ ಕೊಟ್ಟೋಳು ಅವಳೊಬ್ಳೇ. ಏನಕ್ಕೆ ಅಂತ ಗೊತ್ತಿಲ್ದೇನೆ ವರ್ಷಾ ವರ್ಷಾ ಒರೆಸಿ ಹೂ ಹಾಕವ್ಳೆ. ಅದನ್ನ ಕಾಲಲ್ಲಿ ಒದ್ದು, ನೋಡು ಬಾ ನಾನು ಹೆಂಗೆ ಬಾರುಸ್ತೀನಿ ಅಂತ ಕರೀಲಾ? ಪೂಜೆನೂ ಕೆಡಬಾರ್ದು, ಪ್ರೋಗ್ರಾಮೂ ನಿಲ್ಲಬಾರ್ದು. ಎರಡೂ ಆಗ್ಬೇಕು. ಅಂಗೆ ಬರೀರಿ."

ಅಂಗೆ ಬರೀರಿ ಅಂದರೆ ಹೆಂಗೆ ಬರೆಯುವುದು? ಅತ್ತ ದರಿ, ಇತ್ತ ಪುಲಿ. ನಾನು ಪೆನ್ನು ಕಚ್ಚುತ್ತ ಕೂತೆ. ಅವಳು ಕೂರಲಿಲ್ಲ, ಫೋನ್ ಎತ್ತಿಕೊಂಡಳು.

೬

ಯಾರ ಹತ್ತಿರವಾದರೂ ಒಂದು ಗಿಟಾರು ಎರವಲು ಸಿಕ್ಕರೆ ಮುಗಿಯಿತಲ್ಲ. ತುಮಕೂರಿನಲ್ಲಿ ಅವಳ ಶಿಷ್ಯನೊಬ್ಬನಿದ್ದಾನೆ, ತೋಳಿನ ತುಂಬ ತಲೆಬುರುಡೆ ಹಚ್ಚೆ, ಸ್ಟೇಜಿನ ಮೇಲೆ ಕೂದಲು ಕೆದರಿಕೊಂಡು ಯಮನನ್ನೇ ಬಾ ಎನ್ನುವವನು. ಅವನಿಗೆ ಫೋನ್ ಮಾಡಿದಳು. "ನಮ್ಮನೇಲೂ ಪೂಜೆಗೆ ಕೂರ್ಸವ್ರೆ ಅಕ್ಕ. ಮುಟ್ಟಿದ್ರೆ ನಮ್ಮಜ್ಜಿ ಕೈ ಮುರೀತಾರೆ" ಅಂದ. ಕೊರಟಗೆರೆಯ ಆರ್ಕೆಸ್ಟ್ರಾದವರ ಗಿಟಾರಿಗೆ ಬೆಳಿಗ್ಗೆಯೇ ಅರಿಶಿನ ಬಿದ್ದಿತ್ತು. ಅಂಗಡಿಗಳು ಹಬ್ಬಕ್ಕೆ ಬಾಗಿಲು ಹಾಕಿದ್ದವು. ಇಡೀ ಜಿಲ್ಲೆಯ ಹೆವಿ ಮೆಟಲ್ಲು ಮಣೆ ಮೇಲೆ ಕೂತು ಮಂಗಳಾರತಿ ತೆಗೆದುಕೊಳ್ಳುತ್ತಿತ್ತು.

(ಶಿರಾದ ಅಜ್ಮಲ್ ಹತ್ತಿರ ಕೇಳಬಹುದಿತ್ತಲ್ಲ ಅನ್ನುವ ಜಾಣ ಓದುಗರಿಗೆ: ಕೇಳಿದಳು. "ಗಿಟಾರು ನನ್ನ ಜೊತೆನೇ ದುಬೈಗೆ ಬಂದೈತೆ ಬೆಹೆನ್" ಅಂದ.)

ಉಳಿದದ್ದು ಆ ಮೂರನೆಯದು. ಅದು ಅವಳ ಮನೆಯಲ್ಲಿಲ್ಲ, ಕೊಳಾಲದ ಗಂಗಣ್ಣನ ಮನೆಯ ಗೋಡೆಯಲ್ಲಿದೆ. ಆ ಮನುಷ್ಯನ ಮುಖವನ್ನು ಅವಳು ಹದಿನಾರು ವರ್ಷದಿಂದ ನೋಡಿಲ್ಲ.

೭

ಮೂರನೆಯದು ಕಪ್ಪು, ಎರಡು ಚೂಪು ಕೊಂಬಿನದು. ಮದುವೆಮನೆಗಳಲ್ಲಿ ವರ್ಷಗಟ್ಟಲೆ ಸಿನಿಮಾ ಹಾಡು ಬಾರಿಸಿ ಅವಳೇ ಕೊಂಡದ್ದು. ಪಟ್ಟನಾಯಕನಹಳ್ಳಿ ಹತ್ತಿರ ಒಂದು ಮದುವೆಯ ಸಂಜೆ. ಹಲ್ಲು ಕಟಕಟ ಅನ್ನುವ ಮಾಗಿ ಚಳಿ. ಬಯಲಲ್ಲಿ ತಮಟೆಯವರು ಹುಲ್ಲು ಉರಿ ಹಾಕಿ ತಮಟೆ ಕಾಯಿಸುತ್ತಿದ್ದರು. ಚರ್ಮ ಚಳಿಗೆ ಸಡಿಲವಾಗುತ್ತದೆ, ಉರಿ ತೋರಿಸಿದರೆ ಬಿಗಿಯಾಗಿ ಸದ್ದು ಮೇಲೇರುತ್ತದೆ. ಇದು ಆ ಕಡೆ ಮಕ್ಕಳಿಗೂ ಗೊತ್ತು.

ಸರ್ವಮಂಗಳಾ ಗಿಟಾರನ್ನು ಕುರ್ಚಿಗೆ ಒರಗಿಸಿ, ಯಾರಿಗೋ ಹೇಳುತ್ತಿದ್ದಳು. "ಏನ್ ಚಳಿನೋ, ಇದರ ಶ್ರುತಿನೇ ನಿಲ್ತಿಲ್ಲ, ಇಳಿದಿಳಿದು ಹೋಯ್ತದೆ." ಇಷ್ಟು ಹೇಳಿ ಕಾಫಿ ಕುಡಿಯಲು ಒಳಗೆ ಹೋದಳು. ತಮಟೆ ಮೇಳದ ಗಂಗಣ್ಣ ಇದನ್ನು ಕೇಳಿಸಿಕೊಂಡ. ಪಾಪದ ಹುಡುಗಿ, ಒಬ್ಬಳೇ ಒದ್ದಾಡ್ತಾವಳೆ ಅಂದುಕೊಂಡ. ಗಿಟಾರನ್ನು ಮಗುವನ್ನು ಎತ್ತುವ ಹಾಗೆ ಎತ್ತಿಕೊಂಡು ಹೋಗಿ, ಉರಿಯ ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ಚೆನ್ನಾಗಿ ಕಾಯಿಸಿದ.

ಅವಳು ಬರುವ ಹೊತ್ತಿಗೆ ಕತ್ತು ಕೂಡಿಸಿದ್ದ ಅಂಟು ಕರಗಿ, ಕತ್ತು ಮುಂದಕ್ಕೆ ಬಾಗಿತ್ತು. ಗಂಗಣ್ಣ ನಗುತ್ತ ನಿಂತಿದ್ದ. "ನೋಡಮ್ಮ, ಈಗ ಬಿಗೀತು."

ಸ್ವರಕ್ಕೆ ಬಿಗಿದರೆ ಕತ್ತು ಕಿತ್ತು ಕೈಗೆ ಬರುತ್ತಿತ್ತು. ಅತ್ತುಕೊಂಡೇ ತಂತಿಗಳನ್ನು ಸಡಿಲ ಬಿಟ್ಟಳು, ಜೋಲುವಷ್ಟು ಸಡಿಲ. ಅವತ್ತು ಹಾಗೇ ಬಾರಿಸಿದಳು. ಗೂಳಿ ಗುಟುರು ಹಾಕಿದಂಥ ಸದ್ದು ಹೊರಟಿತು. ಗಂಡಿನ ಸೋದರಮಾವ ಓಡಿ ಬಂದು ನಿಲ್ಲಿಸಿದ. ಅವಳು ಸ್ಟೇಜಿಳಿದು ಗಿಟಾರನ್ನು ಗಂಗಣ್ಣನ ಎದೆಗೆ ನೂಕಿದಳು. "ಬೇಯ್ಸಿದೋನು ನೀನೇ. ನೀನೇ ತಿನ್ನು."

("ಅದೊಂದು ಮಾತು ಬೇಡ ಸಾರ್. ತೆಗೀರಿ." ತೆಗೆಯುವುದಿಲ್ಲ. ಎಲ್ಲವೂ ನೀನು ಹೇಳಿದಂತೆ ಆಗುವುದಾದರೆ ಕತೆಗಾರ ಅಂತ ನಾನೇಕೆ ಇರಬೇಕು.)

ಅವಳು ಬಾಯಿಬಿಟ್ಟು ಹೇಳದ ಒಂದು ಸಂಗತಿ ನನಗೆ ಗೊತ್ತು. ನಾಲ್ಕನೆಯದು, ಐದನೆಯದು ಕೊಂಡದ್ದು, ತಂತಿ ದಪ್ಪ ಮಾಡಿದ್ದು, ಶ್ರುತಿ ಇಳಿಸಿದ್ದು, ಎಲ್ಲವೂ ಆ ಸಂಜೆಯ ಸದ್ದನ್ನು ಮತ್ತೆ ಹಿಡಿಯುವುದಕ್ಕೆ. ಸಿಗಲಿಲ್ಲ.

೮

ಬೈಕಿನಲ್ಲಿ ಕೊಳಾಲಕ್ಕೆ ಹೋದಳು. ಗಂಗಣ್ಣ ಜಗಲಿಯ ಮೇಲೆ ಕೂತಿದ್ದ. ತಲೆ ಪೂರ್ತಿ ನೆರೆತಿತ್ತು. ಅವಳನ್ನು ನೋಡಿ ಎದ್ದು ನಿಂತ, "ಊಟ ಆಯ್ತಾ ಕಣಮ್ಮ?" ಅಂದ.

"ಗಿಟಾರು ಐತಾ ಅಣ್ಣ?"

ಒಳಗೆ ಕರೆದೊಯ್ದ. ಗೋಡೆಯ ಗೂಟದಲ್ಲಿ ತಮಟೆಗಳ ಪಕ್ಕ ಕಪ್ಪು ಗಿಟಾರು ತೂಗುತ್ತಿತ್ತು. ಅದರ ಮೇಲೆ ಹೊಸ ಅರಿಶಿನ, ಕುಂಕುಮ, ಚೆಂಡುಹೂವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಇಲ್ಲೂ ಕೂರ್ಸಿಬುಟ್ಟಿದ್ದೀಯಾ?"

"ವರ್ಷಾ ವರ್ಷಾ ಕೂರುಸ್ತೀನಿ. ನಮ್ಮ ತಮಟೆ ಜೊತೆಗೇ."

"ಅಂಗಾದ್ರೆ ನಾಳೆಗಂಟ ಎತ್ತಂಗಿಲ್ಲ."

ಗಂಗಣ್ಣ ಅವಳ ಮುಖವನ್ನೇ ನೋಡಿದ. "ಯಾಕೆ ಎತ್ತಂಗಿಲ್ಲ? ನಮ್ದು ಕೋಳಿ ಕೂಗೋ ಹೊತ್ಗೆ ಪೂಜೆ ಆಯ್ತದೆ, ಹೊತ್ತು ನೆತ್ತಿಗೆ ಬರೋದ್ರೊಳ್ಗೆ ಎತ್ತುಬುಡ್ತೀವಿ. ಇವತ್ತು ಊರೂರಿಗೆ ನಾವು ಬೇಕು ಕಣಮ್ಮ. ನಮ್ಮ ತಮಟೆ ಕೂತ್ರೆ ನಿಮ್ಮ ದೇವ್ರು ಏಳಂಗಿಲ್ಲ."

ದನಿಯಲ್ಲಿ ಮುನಿಸಿರಲಿಲ್ಲ. ಕೆಲಸದ ವಿಷಯ ಹೇಳುವ ಹಾಗೆ ಹೇಳಿದ. ಸರ್ವಮಂಗಳಾ ಹುಟ್ಟಿದಾಗಿನಿಂದ ಆಯುಧ ಪೂಜೆ ಮಾಡಿಕೊಂಡು ಬಂದವಳು, ಅವತ್ತು ಬೀದಿಯಲ್ಲಿ ತಮಟೆ ಕೇಳಿಕೊಂಡೇ ಬೆಳೆದವಳು. ಆ ತಮಟೆ ಯಾಕೆ ಕೂತಿಲ್ಲ ಅಂತ ಒಂದು ದಿನವೂ ಯೋಚಿಸಿರಲಿಲ್ಲ. (ನಾನೂ ಯೋಚಿಸಿರಲಿಲ್ಲ. ಈ ಸಾಲು ಬರೆಯುವ ತನಕ ಕತೆ ಹೇಗೆ ಮುಂದೆ ಹೋಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ.)

ಅವನೇ ಗಿಟಾರನ್ನು ಗೂಟದಿಂದ ಇಳಿಸಿ ಕಣ್ಣಿಗೊತ್ತಿ ಅವಳ ಕೈಗೆ ಕೊಟ್ಟ. ಚೀಲದಲ್ಲಿ ತಂದಿದ್ದ ಹೊಸ ತಂತಿ ತೆಗೆದಳು. ಕತ್ತು ಕೂಡುವಲ್ಲಿ ಬೆರಳು ತೂರುವಷ್ಟು ಬಿರುಕು. ಗಂಗಣ್ಣ ಕತ್ತನ್ನು ಎರಡು ಕೈಯಲ್ಲಿ ಒತ್ತಿ ಹಿಡಿದ, ಅವಳು ನೈಲಾನ್ ಹಗ್ಗ ಸುತ್ತಿ ಸುತ್ತಿ ಬಿಗಿದಳು.

"ಅವತ್ತು ನಾನು ಮಾಡಿದ್ದು ತಪ್ಪಾ ಕಣಮ್ಮ?"

"ತಪ್ಪೇ ಅಣ್ಣ." ಗಂಟು ಹಾಕಿ ಹಲ್ಲಲ್ಲಿ ಹಗ್ಗದ ತುದಿ ಕಡಿದಳು. "ಆದ್ರೆ ಅವತ್ತು ಬಂದ ಸದ್ದು ಆಮ್ಯಾಕೆ ನಂಗೆ ಎಲ್ಲೂ ಸಿಗ್ಲಿಲ್ಲ. ಅದನ್ನ ನಿಂಗೆ ಬಂದು ಹೇಳ್ಬೇಕಿತ್ತು. ಹೇಳ್ಲಿಲ್ಲ."

ಗಂಗಣ್ಣ ಗಿಟಾರು ಹಿಡಿದುಕೊಂಡ, ಅವಳು ಹೊಸ ತಂತಿಗಳನ್ನು ಅವತ್ತಿನ ಹಾಗೇ ಜೋಲುವಷ್ಟು ಸಡಿಲವಾಗಿ ಕಟ್ಟಿದಳು.

(ಇಲ್ಲಿ ನನಗೊಂದು ಆಸೆ ಹುಟ್ಟಿತು. ಗಂಗಣ್ಣನೂ ತಮಟೆ ತಗೊಂಡು ಸ್ಟೇಜಿಗೆ ಬರಲಿ, ಮೆಟಲ್ಲು ತಮಟೆ ಜುಗಲ್‌ಬಂದಿ ಆಗಲಿ, ಜನ ಎದ್ದು ಕುಣಿಯಲಿ. ಮೆಲ್ಲಗೆ ಕೇಳಿದೆ. "ಆಗಕ್ಕಿಲ್ಲ ಸ್ವಾಮಿ. ಸಂಜೆಗೆ ಬೇರೆ ಊರಿಗೆ ಮಾತು ಕೊಟ್ಟಿವ್ನಿ" ಅಂದು ತಮಟೆ ಹೆಗಲಿಗೇರಿಸಿ ಹೊರಟೇಬಿಟ್ಟ. ನನ್ನ ಕತೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ.)

೯

ಮನೆಯಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಗಿಟಾರನ್ನು ಮೇಲಿಂದ ಕೆಳಗೆ ನೋಡಿದಳು. ಹಗ್ಗದ ಕಟ್ಟನ್ನು ಮುಟ್ಟಿದಳು. ಕುಂಕುಮದ ಮೇಲೆ ಬೆರಳಿಟ್ಟಳು.

"ಯಾರ ಮನೇಲಿ ಪೂಜೆ ಆದದ್ದು ಇದು?"

"ಕೊಳಾಲದ ಗಂಗಣ್ಣನ ಮನೇಲಿ. ತಮಟೆ ಜೊತೆ."

"ಅವ್ರು ಎತ್ತಿದ್ರಾ?"

"ಅವ್ರೇ ಎತ್ತಿ ಕೈಗೆ ಕೊಟ್ರು."

ಅಮ್ಮ ಯೋಚಿಸಿದಳು. ನನಗೆ ಇಲ್ಲಿ ಭಯವಾಗಿತ್ತು. ಅಮ್ಮ ಒಲ್ಲೆ ಅಂದಿದ್ದರೆ ಈ ಕತೆ ಇಲ್ಲಿಗೇ ಬಿದ್ದುಹೋಗುತ್ತಿತ್ತು, ನನ್ನ ಹತ್ತಿರ ಬೇರೆ ಉಪಾಯವಿರಲಿಲ್ಲ.

"ಪೂಜೆ ಆದ ಮನೆ ಕಟ್ಟಲೆ ಅದಕ್ಕೆ. ತಗಂಡೋಗು. ಹಬ್ಬದ ದಿನ, ಮೆತ್ತಗೆ ಬಾರ್ಸು."

"ನೀನೂ ಬಾ ಅಮ್ಮ. ಮುಂದ್ಗಡೆ ಕುರ್ಚಿ ಹಾಕ್ಸಿವ್ನಿ."

"ಬತ್ತೀನಿ ನಡಿ. ಮಹಾಲಕ್ಷ್ಮಮ್ಮನ್ನೂ ಕರ್ಕಂಡು ಬತ್ತೀನಿ."

೧೧

(ಹತ್ತನ್ನು ಬಿಟ್ಟಿದ್ದೇನೆ. ಅದರಲ್ಲಿ ಪ್ರಭುದೇವ್‌ನ ಸ್ವಾಗತ ಭಾಷಣವಿತ್ತು. ಮೈದಾನದಲ್ಲೂ ಯಾರೂ ಕೇಳಲಿಲ್ಲ.)

ಜನ ಸುಮಾರಾಗಿ ಬಂದಿದ್ದರು. ಅರ್ಧ ಜನ ಬೋಂಡದ ಗಾಡಿಗೆ ಬಂದವರು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ, ಪಕ್ಕದಲ್ಲಿ ಮಹಾಲಕ್ಷ್ಮಮ್ಮ. ಪ್ರಭುದೇವ್ ಇಬ್ಬರ ಕಿವಿಗೂ ಹತ್ತಿ ಕೊಟ್ಟಿದ್ದ. ಇಷ್ಟು ಮೆತ್ತಗಿನ ಸಂಗೀತಕ್ಕೆ ಹತ್ತಿ ಯಾಕೆ ಅಂತ ಅಮ್ಮನಿಗೆ ಅರ್ಥವಾಗಲಿಲ್ಲ, ಹುಡುಗ ಬೇಜಾರು ಮಾಡಿಕೊಂಡಾನು ಅಂತ ಇಟ್ಟುಕೊಂಡಳು.

"ಮೇಡಂ, ಫಸ್ಟು ಒಂದು ಭಕ್ತಿಗೀತೆ ತರ ಏನಾದ್ರೂ?" ಅಂತ ಪ್ರಭುದೇವ್ ಕೇಳಿದ. ಬೆವೆತಿದ್ದ.

"ಇಲ್ಲ ಕಣಪ್ಪ" ಅಂದಳು ಸರ್ವಮಂಗಳಾ.

ಹಿಂದೆ ಬೇಸು, ಡ್ರಮ್ಮು ಸಿದ್ಧವಾಗಿದ್ದವು. ಅವಳು ತಂತಿಗೆ ಕೈ ಕೊಟ್ಟಳು. ಜೋಲುವ ತಂತಿಯಿಂದ ಆ ಸದ್ದು ಹೊರಟಿತು. ಹದಿನಾರು ವರ್ಷ ಹುಡುಕಿದ್ದ ಅದೇ ಸದ್ದು, ಗಡಸು, ತಳದಿಂದ ಎದ್ದು ಬರುವಂಥದ್ದು. ಬೆಟ್ಟಕ್ಕೆ ಬಡಿದು ಮರುಕ್ಷಣ ವಾಪಸ್ಸೂ ಬಂತು. ಬೋಂಡದವನು ಜಾಲರಿ ಕೆಳಗಿಟ್ಟ. ಮಹಾಲಕ್ಷ್ಮಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, "ಅಯ್ಯೋ ಶಿವನೇ, ಇವಳು ಕುಟ್ಟೋದು ಇದೇನಾ ನಾಗರತ್ನಮ್ಮ?" ಅಂದಳು. ಅಮ್ಮ ಅಲ್ಲಾಡದೆ ಕೂತಿದ್ದಳು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಒಂದು ಹಾಡು ಮುಗಿಯಿತು. ಎರಡನೆಯದರ ನಡುವೆ ಅಂಗೈ ಕೆಳಗೆ ಹಗ್ಗದ ಒಂದು ಸುತ್ತು ಸಡಿಲವಾದದ್ದು ಸರ್ವಮಂಗಳಾಳಿಗೆ ಗೊತ್ತಾಯಿತು. ಕತ್ತು ಕೂದಲೆಳೆಯಷ್ಟು ಅಲುಗಿತು. ನಿಲ್ಲಿಸಿ ಬಿಗಿಯಬಹುದಿತ್ತು. ನಿಲ್ಲಿಸಿದರೆ ಪ್ರಭುದೇವ್ ವಂದನಾರ್ಪಣೆ ಶುರು ಮಾಡುತ್ತಾನೆ, ಅಮ್ಮ ಎದ್ದು ಮನೆಗೆ ಹೋಗುತ್ತಾಳೆ. ಹೆಬ್ಬೆರಳಿನ ಬುಡದಿಂದ ಕತ್ತನ್ನು ಒತ್ತಿ ಹಿಡಿದುಕೊಂಡೇ ಬಾರಿಸಿದಳು. ಕಿತ್ತು ಬಂದರೆ ಬರಲಿ, ಅಲ್ಲಿಯ ತನಕ ಬಾರಿಸುತ್ತೇನೆ ಅಂತ ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಅಮ್ಮ ಕುರ್ಚಿಯಿಂದ ಎದ್ದಳು.

೧೨

ಇಲ್ಲಿ ನಿಲ್ಲಿಸಿ, ನಿಮ್ಮ ಮುಂದೆ ಮೂರು ಅಂತ್ಯ ಇಡುತ್ತೇನೆ. ರೂಢಿ ಹಾಗಿದೆ.

ಅ) ಕೊನೆಯ ಸ್ವರಕ್ಕೆ ಸರಿಯಾಗಿ ಗಿಟಾರಿನ ಕತ್ತು ಮುರಿದು ಬೀಳುತ್ತದೆ, ಮೈದಾನವೆಲ್ಲ ನಿಶ್ಶಬ್ದ. ("ನಿಮ್ಮ ಕ್ಲೈಮ್ಯಾಕ್ಸಿಗೆ ನನ್ನ ಗಿಟಾರೇ ಬೇಕಿತ್ತಾ ಸಾರ್?")

ಆ) ಅಮ್ಮ ಸ್ಟೇಜಿಗೆ ಬಂದು ಸ್ಪೀಕರಿನ ಮೇಲೆ ಅಂಗೈ ಇಟ್ಟು ಕಣ್ಣೀರು ಹಾಕುತ್ತಾಳೆ. (ಇದಕ್ಕೆ ಅಮ್ಮನೇ ಬಾಯಿ ಹಾಕಿದಳು. "ಅದನ್ನ ಯಾಕಪ್ಪ ಮುಟ್ಲಿ? ಕರೆಂಟ್ ಹೊಡೀತದೆ.")

ಇ) ನಾಳೆ ಬೆಳಿಗ್ಗೆ ನಡುಮನೆಯಲ್ಲಿ ಐದನೆಯ ಮಣೆ ಹಾಕಿರುತ್ತದೆ, ಅದರ ಮೇಲೆ ಕಪ್ಪು ಗಿಟಾರು. (ತಾಯಿ ಮಗಳು ಇಬ್ಬರೂ ಒಟ್ಟಿಗೇ ಬೇಡ ಅಂದರು. ಅದು ಗಂಗಣ್ಣನ ಮನೆ ಗಿಟಾರು, ನಾಳೆ ವಾಪಸ್ ಕೊಡಬೇಕು.)

ಮೂರನ್ನೂ ಹೊಡೆದು ಹಾಕಿದ್ದೇನೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಎದ್ದ ಅಮ್ಮ ಹೋಗಲಿಲ್ಲ. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಅಡ್ಡಲಾಗಿ ತಿರುಗಿಸಿ ಹಾಕಿಕೊಂಡು ಕೂತಳು. ಈಗ ಅವಳ ಮುಖ ಸ್ಟೇಜಿನ ಕಡೆ ಇರಲಿಲ್ಲ, ರಸ್ತೆಯ ಕಡೆ ಇತ್ತು. ಮಗಳ ಕಡೆ ಮುಖ ತಿರುವಿದಳು ಅಂತ ಜನ ಗುಸುಗುಸು ಅಂದರು. ಸಾಲದ್ದಕ್ಕೆ ಹೆತ್ತವಳಿಗೇ ಬೇಡವಾಯಿತಲ್ಲ ಅಂತ ಪ್ರಭುದೇವ್ ಪೆಚ್ಚಾದ.

ಸ್ಟೇಜಿನ ಮೇಲಿದ್ದವಳಿಗೆ ಮಾತ್ರ ಗೊತ್ತಾಯಿತು. ಬಲಗಿವಿ ಹೋದ ಮೇಲೆ ಅಮ್ಮ ಬೇಡದವರ ಎದುರಿಗೆ ನೇರವಾಗಿ ಕೂತು, ಮುಖ ನೋಡುತ್ತ, ಹೂಂ ಹೂಂ ಅಂದು ಕಳಿಸುತ್ತಿದ್ದಳು. ಬೇಕಾದ ಮಾತಿಗೆ ಮಾತ್ರ ಹೀಗೆ ಅಡ್ಡ ಕೂರುತ್ತಿದ್ದಳು, ಎಡಗಿವಿಯನ್ನು ಪೂರ್ತಿ ಅತ್ತ ಕೊಟ್ಟು. ಕೂತವಳು ಆ ಕಿವಿಯ ಹತ್ತಿಯನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಸರ್ವಮಂಗಳಾಳಿಗೆ ಅಳುವುದಕ್ಕೆ ಕೈ ಖಾಲಿ ಇರಲಿಲ್ಲ. ಹೆಬ್ಬೆರಳನ್ನು ಇನ್ನೂ ಬಲವಾಗಿ ಒತ್ತಿ, ವಾಲ್ಯೂಮಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದಳು.

ಆಮೇಲೆ? ಕತ್ತು ಉಳಿಯಿತಾ, ಅಮ್ಮನಿಗೆ ಇಷ್ಟವಾಯಿತಾ, ಮನೆಗೆ ಹೋಗಿ ಏನಂದಳು? ನನ್ನನ್ನು ಕೇಳಬೇಡಿ. ನಾನು ಪೂರ್ಣವಿರಾಮ ಹಾಕಿದರೆ ಇವಳು ತಂತಿಯಿಂದ ಕೈ ತೆಗೆಯಬೇಕಾಗುತ್ತದೆ, ಅಮ್ಮ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ, ಮುಂದಿನ ದಸರಾ ಬಂದೇ ಬರುತ್ತದೆ. ಅದಕ್ಕೇ ಹಾಕುವುದಿಲ್ಲ. ಹಾಡು ಇನ್ನೂ ನಡೆಯುತ್ತಿದೆ, ಅವಳು ಬಾರಿಸುತ್ತಿದ್ದಾಳೆ, ಅಮ್ಮನಿಗೆ ಕೇಳಿಸುತ್ತಿದೆ